ಮೇಣದ ಕಾಗದದ ಮೇಲೆ ಕನ್ನಡ ನಾಡು: ಮೊದಲ ಛಾಯಾಗ್ರಾಹಕರ ಕೂಡುಗೆಲಸದ ಇತಿಹಾಸ

ಕರ್ನಾಟಕದ ದೇವಾಲಯ, ಕೋಟೆ ಮತ್ತು ಶಾಸನಗಳ ಛಾಯಾಚಿತ್ರಗಳಲ್ಲಿ ಇಂದಿಗೂ ಉಳಿದಿರುವ ಅತಿ ಹಳೆಯವುಗಳಲ್ಲಿ ಬಹುಪಾಲು 1854ರಿಂದ 1857ರವರೆಗಿನ ಮೂರು ನಾಲ್ಕು ವರ್ಷಗಳಲ್ಲಿ ತೆಗೆದವು. ಮರದ ಕ್ಯಾಮೆರಾ, ಬೆಳ್ಳಿಯ ಲವಣದ ಸೀಸೆಗಳು ಮತ್ತು ಮೇಣ ಹಚ್ಚಿದ ಕಾಗದಗಳೊಂದಿಗೆ ಬೇಲೂರು, ಹಳೇಬೀಡು, ಹಂಪಿ, ಬಾದಾಮಿ, ಐಹೊಳೆ, ಬಿಜಾಪುರಗಳನ್ನು ತಲುಪಿದವರು ಈಸ್ಟ್ ಇಂಡಿಯಾ ಕಂಪನಿಯ ಸೈನ್ಯಾಧಿಕಾರಿಗಳು ಮತ್ತು ವೈದ್ಯರು. ಲಂಡನ್ನಿನ ಬ್ರಿಟಿಷ್ ಲೈಬ್ರರಿ ಮೊದಲಾದ ಸಂಗ್ರಹಗಳಲ್ಲಿರುವ ಈ ಚಿತ್ರಗಳ ಕೆಳಗೆ ಸಾಮಾನ್ಯವಾಗಿ ಒಬ್ಬೊಬ್ಬರ ಹೆಸರು ಮಾತ್ರ ಇರುತ್ತದೆಯಾದರೂ, ಅವು ಹುಟ್ಟಿ, ಅಚ್ಚಾಗಿ, ಓದುಗರ ಕೈಸೇರಿದ ಬಗೆಯನ್ನು ಹಿಂಬಾಲಿಸಿದರೆ ಪ್ರತಿಯೊಂದು ಚಿತ್ರದ ಹಿಂದೆಯೂ ಹಲವರ ದುಡಿಮೆ ಕಾಣಸಿಗುತ್ತದೆ. ನೆಗೆಟಿವ್ ತೆಗೆದವರು, ಅಳತೆ ಹಿಡಿದು ನಕ್ಷೆ ಬರೆದವರು, ಲಿಪಿಯನ್ನು ಓದಿದವರು, ವಿವರಣೆ ಬರೆದವರು, ಪ್ರಕಟಣೆಗೆ ಹಣ ಕೊಟ್ಟವರು ಕೂಡಿ ಮಾಡಿದ ಕೆಲಸವಿದು. ನಾಡಿನ ಶಿಲ್ಪಪರಂಪರೆಯ ಲಿಖಿತ ಇತಿಹಾಸ ಬಹುಮಟ್ಟಿಗೆ ಈ ಕೂಡುಗೆಲಸದ ಮೇಲೆಯೇ ನಿಂತಿದೆ.

ಕಾಗದವೇ ಆಧಾರವಾದ ವಿಧಾನ

ಛಾಯಾಗ್ರಹಣದ ಆವಿಷ್ಕಾರ ಜಗತ್ತಿಗೆ ಪ್ರಕಟವಾದದ್ದು 1839ರಲ್ಲಿ. ಫ್ರಾನ್ಸಿನ ಲೂಯಿ ಡಾಗೇರ್ ಬೆಳ್ಳಿಯ ಲೇಪವಿದ್ದ ತಾಮ್ರದ ತಗಡಿನ ಮೇಲೆ ಬಿಂಬವನ್ನು ಮೂಡಿಸಿದರೆ, ಇಂಗ್ಲೆಂಡಿನ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ ಕಾಗದವನ್ನು ಆರಿಸಿಕೊಂಡು, ಕ್ಯಾಲೊಟೈಪ್ ಎಂದು ಹೆಸರಾದ ವಿಧಾನಕ್ಕೆ 1841ರಲ್ಲಿ ಪೇಟೆಂಟ್ ಪಡೆದರು. ಡಾಗೇರ್ ವಿಧಾನದಲ್ಲಿ ಒಂದು ಬಿಂಬಕ್ಕೆ ಒಂದೇ ತಗಡು. ಅದರ ಪ್ರತಿ ತೆಗೆಯುವಂತಿರಲಿಲ್ಲ. ಟಾಲ್ಬಟ್ ವಿಧಾನದಲ್ಲಾದರೋ ಮೊದಲು ಬೆಳಕು ಕಪ್ಪಾಗಿ, ನೆರಳು ಬಿಳಿಯಾಗಿ ಕಾಣುವ ನೆಗೆಟಿವ್ ಸಿದ್ಧವಾಗುತ್ತಿತ್ತು, ಅದನ್ನು ಮತ್ತೊಂದು ಕಾಗದಕ್ಕೆ ಒತ್ತಿಟ್ಟು ಬಿಸಿಲಿಗೆ ಒಡ್ಡಿ ಬೇಕಾದಷ್ಟು ಪ್ರತಿಗಳನ್ನು ಪಡೆಯಬಹುದಿತ್ತು. ಒಬ್ಬರು ತೆಗೆದ ನೆಗೆಟಿವ್‌ನಿಂದ ಇನ್ನೊಬ್ಬರು, ಇನ್ನೊಂದು ಊರಿನಲ್ಲಿ, ಹಲವು ವರ್ಷಗಳ ಬಳಿಕವೂ ಚಿತ್ರ ಮುದ್ರಿಸುವ ಸಾಧ್ಯತೆ ತೆರೆದುಕೊಂಡದ್ದು ಹೀಗೆ.

1851ರಲ್ಲಿ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಈ ವಿಧಾನಕ್ಕೆ ಒಂದು ಮಹತ್ವದ ತಿದ್ದುಪಡಿ ತಂದರು. ಕಾಗದಕ್ಕೆ ಮೊದಲೇ ಜೇನುಮೇಣವನ್ನು ಕರಗಿಸಿ ಹೀರಿಸಿದರೆ ಅದರ ನಾರಿನ ರಂಧ್ರಗಳು ತುಂಬಿ, ಕಾಗದ ಹೆಚ್ಚು ಪಾರದರ್ಶಕವಾಗುವುದೆಂದೂ, ಅಂಥ ಕಾಗದವನ್ನು ಅಯೊಡೈಡ್ ದ್ರಾವಣದಲ್ಲಿ ನೆನೆಸಿ ಒಣಗಿಸಿ, ಆನಂತರ ಬೆಳ್ಳಿಯ ನೈಟ್ರೇಟ್ ದ್ರಾವಣದಲ್ಲಿ ಅದ್ದಿ ತೊಳೆದು ಒಣಗಿಸಿಟ್ಟರೆ ಕೆಲವು ದಿನಗಳವರೆಗೂ ಬಳಸಬಹುದೆಂದೂ ಅವರು ತೋರಿಸಿದರು. ಕ್ಯಾಮೆರಾದಲ್ಲಿ ಹಲವು ನಿಮಿಷಗಳ ಕಾಲ ಬೆಳಕು ಕಂಡ ಕಾಗದವನ್ನು ಗ್ಯಾಲಿಕ್ ಆಮ್ಲದಲ್ಲಿ ಗಂಟೆಗಟ್ಟಲೆ ಇರಿಸಿದಾಗ ಬಿಂಬ ನಿಧಾನವಾಗಿ ಮೂಡುತ್ತಿತ್ತು. ಹೈಪೊ ಎಂದು ಕರೆಯುವ ಲವಣದ ದ್ರಾವಣದಲ್ಲಿ ತೊಳೆದ ಮೇಲೆ ಅದು ಸ್ಥಿರವಾಗುತ್ತಿತ್ತು. ಅದೇ ವರ್ಷ ಫ್ರೆಡರಿಕ್ ಸ್ಕಾಟ್ ಆರ್ಚರ್ ಪ್ರಕಟಿಸಿದ ಕೊಲೋಡಿಯನ್ ವಿಧಾನದಲ್ಲಿ ಗಾಜಿನ ಮೇಲೆ ಇನ್ನೂ ಸ್ಪಷ್ಟವಾದ ಚಿತ್ರ ಬರುತ್ತಿತ್ತಾದರೂ, ಗಾಜಿನ ಲೇಪ ಹಸಿಯಾಗಿರುವಾಗಲೇ ಚಿತ್ರ ತೆಗೆದು ಸಂಸ್ಕರಿಸಬೇಕಾಗಿದ್ದುದರಿಂದ ಕತ್ತಲ ಡೇರೆಯನ್ನು ಹೋದಲ್ಲೆಲ್ಲ ಒಯ್ಯುವುದು ಅನಿವಾರ್ಯವಾಗಿತ್ತು. ಎತ್ತಿನ ಗಾಡಿಯೇ ಮುಖ್ಯ ವಾಹನವಾಗಿದ್ದ ನಾಡಿನಲ್ಲಿ ಒಡೆಯದ, ಭಾರವಿಲ್ಲದ, ಮೊದಲೇ ಸಿದ್ಧಪಡಿಸಿ ಪೆಟ್ಟಿಗೆಯಲ್ಲಿ ತುಂಬಿಕೊಳ್ಳಬಹುದಾದ ಮೇಣದ ಕಾಗದವೇ ಪ್ರವಾಸಿ ಛಾಯಾಗ್ರಾಹಕರಿಗೆ ಹಿಡಿಸಿತು.

ಈ ವಿಧಾನಕ್ಕೆ ತನ್ನದೇ ಮಿತಿಗಳೂ ಇದ್ದವು. ಸೆಕೆಗೆ ಮೇಣ ಮೆತ್ತಗಾಗುತ್ತಿತ್ತು. ಬಾವಿ ನೀರಿನ ಉಪ್ಪು ಬೆಳ್ಳಿಯ ದ್ರಾವಣವನ್ನು ಕೆಡಿಸುತ್ತಿತ್ತು. ಹಾರುವ ಧೂಳು ಕಾಗದದ ಮೇಲೆ ಕಲೆಯಾಗಿ ಉಳಿಯುತ್ತಿತ್ತು. ಆಕಾಶದ ನೀಲಿಗೆ ಬೆಳ್ಳಿಯ ಲವಣ ಅತಿಯಾಗಿ ಸ್ಪಂದಿಸುತ್ತಿದ್ದುದರಿಂದ ಮೋಡಗಳು ಅಳಿಸಿಹೋಗಿ, ನೆಗೆಟಿವ್‌ನ ಆ ಭಾಗ ಮಚ್ಚೆ ಮಚ್ಚೆಯಾಗಿ ಕಾಣುತ್ತಿತ್ತು, ಅದನ್ನು ಬಣ್ಣ ಹಚ್ಚಿ ಮರೆಸುವುದು ರೂಢಿಯಾಗಿತ್ತು. ಅರೆಗತ್ತಲಿನ ನವರಂಗ, ಗರ್ಭಗುಡಿಗಳು ನಿಲುಕದಾಗಿದ್ದುದರಿಂದ ಬಿಸಿಲು ಬೀಳುವ ಹೊರಗೋಡೆಗಳೇ ಚಿತ್ರಗಳಲ್ಲಿ ಮೇಲುಗೈ ಪಡೆದವು. ಹೊಯ್ಸಳ ದೇವಾಲಯಗಳ ಕೀರ್ತಿ ಯುರೋಪಿನಲ್ಲಿ ಮುಖ್ಯವಾಗಿ ಅವುಗಳ ಹೊರಗೋಡೆಯ ಶಿಲ್ಪಪಟ್ಟಿಕೆಗಳ ಕೀರ್ತಿಯಾಗಿ ಹಬ್ಬಿದ್ದರಲ್ಲಿ ಈ ವಿಧಾನದ ಪಾಲೂ ಇದೆ ಎನ್ನಬೇಕು.

ಬೇಲೂರು, ಹಳೇಬೀಡಿಗೆ ಇಬ್ಬರು

ಮೈಸೂರು ಸಂಸ್ಥಾನ 1831ರಿಂದ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿತ್ತು. ಬೆಂಗಳೂರು ದಂಡುಪ್ರದೇಶ ಮದ್ರಾಸ್ ಸೈನ್ಯದ ದೊಡ್ಡ ನೆಲೆಯಾಗಿತ್ತು. ಆ ಸೈನ್ಯದ 12ನೆಯ ದೇಶೀಯ ಪದಾತಿ ದಳದ ಅಧಿಕಾರಿ ಲಿನಿಯಸ್ ಟ್ರೈಪ್, ಇಂಗ್ಲೆಂಡಿನಲ್ಲಿ ರಜೆಯ ಮೇಲಿದ್ದಾಗ ಛಾಯಾಗ್ರಹಣವನ್ನು ಕಲಿತು, ಕ್ಯಾಮೆರಾದೊಂದಿಗೆ ಬೆಂಗಳೂರಿಗೆ ಮರಳಿದರು. ಮದ್ರಾಸ್ ವೈದ್ಯಕೀಯ ಸೇವೆಯಲ್ಲಿದ್ದ ಆಂಡ್ರ್ಯೂ ಚಾರ್ಲ್ಸ್ ಬ್ರಿಸ್ಬೇನ್ ನೀಲ್ ಕೂಡ ಇದೇ ಹವ್ಯಾಸದವರು. 1854ರ ಡಿಸೆಂಬರಿನಲ್ಲಿ, ಮಳೆ ಕಳೆದು ಆಕಾಶ ತಿಳಿಯಾಗುವ ಹೊತ್ತಿಗೆ, ಇಬ್ಬರೂ ಕೂಡಿ ಹೊಯ್ಸಳ ದೇವಾಲಯಗಳ ಕಡೆಗೆ ಪ್ರಯಾಣ ಬೆಳೆಸಿದರು. ಒಬ್ಬರು ಇನ್ನೊಬ್ಬರ ಪಕ್ಕದಲ್ಲಿ ನಿಂತು, ಒಂದೇ ಗೋಡೆಯನ್ನು, ಒಂದೇ ಬೆಳಕನ್ನು ತಮ್ಮ ತಮ್ಮ ಕಾಗದದ ಮೇಲೆ ಹಿಡಿಯಲು ಯತ್ನಿಸಿದ ಈ ಪ್ರವಾಸ ಕನ್ನಡ ನಾಡಿನ ಛಾಯಾಗ್ರಹಣದ ಇತಿಹಾಸದಲ್ಲಿ ಒಂದು ಮುಖ್ಯ ಘಟ್ಟ.

1855ರ ಫೆಬ್ರವರಿಯಲ್ಲಿ ಮದ್ರಾಸಿನಲ್ಲಿ ನಡೆದ ದಕ್ಷಿಣ ಭಾರತದ ಕಲೆ ಮತ್ತು ಕೈಗಾರಿಕೆಗಳ ಪ್ರದರ್ಶನದಲ್ಲಿ ಟ್ರೈಪ್ 68 ಛಾಯಾಚಿತ್ರಗಳನ್ನು ಇರಿಸಿದರು. ಅದುವರೆಗೆ ಯಾರೂ ಛಾಯಾಚಿತ್ರ ತೆಗೆದಿರದ ದೇವಾಲಯಗಳ ಆ ಮಾಲೆಯನ್ನು, ಕಾಗದದ ಮೇಲಿನ ದೃಶ್ಯಮಾಲೆಗಳಲ್ಲಿ ಅತ್ಯುತ್ತಮವೆಂದು ತೀರ್ಪುಗಾರರು ಘೋಷಿಸಿದರು. ಅದೇ ವರ್ಷ ಟ್ರೈಪ್ ಬರ್ಮಾ ದೇಶಕ್ಕೆ ಹೊರಟ ರಾಜತಾಂತ್ರಿಕ ನಿಯೋಗದೊಂದಿಗೆ ತೆರಳಿದರು, ಬಳಿಕ ಮದ್ರಾಸ್ ಪ್ರಾಂತದ ಸರ್ಕಾರಿ ಛಾಯಾಗ್ರಾಹಕರಾದರು. ನೀಲ್ ಮೈಸೂರು ಸೀಮೆಯಲ್ಲಿಯೇ ಕೆಲಸ ಮುಂದುವರಿಸಿ ಹಳೇಬೀಡು, ಬೇಲೂರುಗಳನ್ನು ವಿವರವಾಗಿ ದಾಖಲಿಸಿದರು.

ಮದ್ರಾಸಿನಲ್ಲಿ ಈ ವಿದ್ಯೆ ದೇಶೀಯರ ಕೈಗೂ ಬಂದಿತ್ತು. ಅಲೆಕ್ಸಾಂಡರ್ ಹಂಟರ್ 1850ರಲ್ಲಿ ಆರಂಭಿಸಿದ ಕಲಾಶಾಲೆಯಲ್ಲಿ ಕಲಿತ ಸಿ. ಅಯ್ಯಸ್ವಾಮಿ ಸ್ವತಃ ಹೆಸರಿಸಬಹುದಾದ ಛಾಯಾಗ್ರಾಹಕರಾದರು. ಆದರೆ ದ್ರಾವಣಗಳನ್ನು ಬೆರೆಸಿದ, ಕಾಗದಗಳನ್ನು ತೊಳೆದ, ಮುಕ್ಕಾಲಿಯನ್ನು ಹೊತ್ತ ಬಹುಮಂದಿ ಸಹಾಯಕರ ಹೆಸರು ದಾಖಲೆಗಳಿಗೆ ಸೇರಲಿಲ್ಲ.

ಮುಂಬಯಿ ಪ್ರಾಂತದ ನೇಮಕಗಳು

ಉತ್ತರ ಕರ್ನಾಟಕದ ಧಾರವಾಡ, ಬಿಜಾಪುರ ಸೀಮೆಗಳು ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಪುರಾತನ ಕಟ್ಟಡಗಳ ಚಿತ್ರಗಳನ್ನು ಕಲಾವಿದರಿಂದ ಬರೆಸುವುದು ನಿಧಾನವೂ ದುಬಾರಿಯೂ ಆಗಿದ್ದುದರಿಂದ, ಆ ಕೆಲಸಕ್ಕೆ ಛಾಯಾಗ್ರಹಣವನ್ನು ಬಳಸಬೇಕೆಂಬ ಆಲೋಚನೆ ಕಂಪನಿಯ ನಿರ್ದೇಶಕರಲ್ಲಿ ಬೆಳೆದಿತ್ತು. ಅದರ ಫಲವಾಗಿ ಬಾಂಬೆ ಆರ್ಟಿಲರಿಯ ಅಧಿಕಾರಿ ಥಾಮಸ್ ಬಿಗ್ಸ್ 1855ರಲ್ಲಿ ಮುಂಬಯಿ ಸರ್ಕಾರದ ಛಾಯಾಗ್ರಾಹಕರಾಗಿ ನೇಮಕಗೊಂಡು, ಬಿಜಾಪುರ, ಬಾದಾಮಿ, ಐಹೊಳೆ ಮೊದಲಾದೆಡೆಗಳಲ್ಲಿ ಕಾಗದದ ನೆಗೆಟಿವ್‌ಗಳನ್ನು ತೆಗೆದರು. ಆ ವರ್ಷದ ಕೊನೆಗೆ ಸೈನ್ಯ ಅವರನ್ನು ವಾಪಸು ಕರೆಸಿಕೊಂಡಾಗ, ಬಾಂಬೆ ವೈದ್ಯಕೀಯ ಸೇವೆಯ ವಿಲಿಯಂ ಹೆನ್ರಿ ಪಿಗೌ ಆ ಸ್ಥಾನಕ್ಕೆ ಬಂದು, ಧಾರವಾಡ ಸೀಮೆಯ ಚಾಲುಕ್ಯ ದೇವಾಲಯಗಳನ್ನೂ ಮೈಸೂರಿನ ಸ್ಮಾರಕಗಳನ್ನೂ ಶಾಸನಗಳನ್ನೂ ಚಿತ್ರಿಸಿದರು. ಪಿಗೌ 1858ರಲ್ಲಿ ನಿಧನರಾದರು. ಅವರ ನೆಗೆಟಿವ್‌ಗಳು ಪುಸ್ತಕವಾಗಿ ಹೊರಬಂದದ್ದು ಆ ಬಳಿಕ.

ವೈದ್ಯರು ಈ ಕೆಲಸಕ್ಕೆ ಮುಂದಾದದ್ದು ಸಹಜವೇ ಆಗಿತ್ತು. ರಾಸಾಯನಿಕಗಳನ್ನು ತೂಗಿ ಬೆರೆಸುವ ಅಭ್ಯಾಸ, ಬೆಳ್ಳಿಯ ನೈಟ್ರೇಟಿನಂಥ ವಸ್ತುಗಳ ಪರಿಚಯ, ಬಟ್ಟಿ ಇಳಿಸಿದ ನೀರಿನ ಲಭ್ಯತೆ ಅವರಿಗೆ ವೃತ್ತಿಯಿಂದಲೇ ಬಂದಿದ್ದವು. ಸೈನ್ಯಾಧಿಕಾರಿಗಳಿಗೆ ಭೂಮಾಪನ ಮತ್ತು ನಕ್ಷಾಲೇಖನದ ತರಬೇತಿ ಇತ್ತು. 1854ರಲ್ಲಿ ಮುಂಬಯಿಯಲ್ಲಿ, 1856ರಲ್ಲಿ ಮದ್ರಾಸಿನಲ್ಲಿ ಹುಟ್ಟಿಕೊಂಡ ಛಾಯಾಗ್ರಹಣ ಸಂಘಗಳು ಇಂಥವರನ್ನು ಒಂದೆಡೆ ಸೇರಿಸಿ, ದ್ರಾವಣಗಳ ಪ್ರಮಾಣ, ಬೆಳಕಿಗೊಡ್ಡುವ ಅವಧಿ, ಈ ದೇಶದ ಹವೆಗೆ ಹೊಂದುವ ಮಾರ್ಪಾಡುಗಳನ್ನು ಪರಸ್ಪರ ಹಂಚಿಕೊಳ್ಳುವ ವೇದಿಕೆಗಳಾದವು. ಆ ದಿನಗಳಲ್ಲಿ ಛಾಯಾಗ್ರಹಣದ ಜ್ಞಾನ ಒಬ್ಬರಿಂದೊಬ್ಬರಿಗೆ ಹರಿದುಬರುತ್ತಿದ್ದ ಪಾಕಕ್ರಮವಾಗಿತ್ತು.

1866ರ ಸಂಪುಟಗಳು

ಹೀಗೆ ಬೇರೆ ಬೇರೆಯವರು ತೆಗೆದ ನೆಗೆಟಿವ್‌ಗಳು ಒಂದು ಕೃತಿಯಾಗಿ ಕೂಡಿದ್ದು 1866ರಲ್ಲಿ. ಪಶ್ಚಿಮ ಭಾರತದ ವಾಸ್ತು ಅವಶೇಷಗಳ ಸಮಿತಿಯ ಪರವಾಗಿ, ಮುಂಬಯಿಯ ವರ್ತಕರ ಧನಸಹಾಯದಿಂದ, ಲಂಡನ್ನಿನ ಜಾನ್ ಮರ್ರೆ ಸಂಸ್ಥೆ ಹೊರತಂದ ‘ಆರ್ಕಿಟೆಕ್ಚರ್ ಇನ್ ಧಾರ್ವಾರ್ ಆ್ಯಂಡ್ ಮೈಸೂರ್’ ಸಂಪುಟದ ಮುಖಪುಟ ಐವರ ಹೆಸರನ್ನು ಒಟ್ಟಿಗೆ ಹೇಳುತ್ತದೆ: ಛಾಯಾಚಿತ್ರಗಳು ದಿವಂಗತ ಪಿಗೌ, ನೀಲ್ ಮತ್ತು ಬಿಗ್ಸ್ ಅವರವು, ಐತಿಹಾಸಿಕ ನಿರೂಪಣೆ ಮೆಡೋಸ್ ಟೇಲರ್ ಅವರದು, ವಾಸ್ತುಶಿಲ್ಪದ ಟಿಪ್ಪಣಿಗಳು ಜೇಮ್ಸ್ ಫರ್ಗುಸನ್ ಅವರವು. 1841ರಿಂದ ಹಲವು ವರ್ಷ ಸುರಪುರ ಸಂಸ್ಥಾನದ ಆಡಳಿತ ನಡೆಸಿದ್ದ ಟೇಲರ್‌ಗೆ ಉತ್ತರ ಕರ್ನಾಟಕದ ನೆಲವೂ ಜನರೂ ಚೆನ್ನಾಗಿ ಗೊತ್ತಿದ್ದರು. ಭಾರತದಲ್ಲಿ 1830ರ ದಶಕದಲ್ಲಿ ಸಂಚರಿಸಿದ್ದ ಫರ್ಗುಸನ್, ದಶಕಗಳ ಬಳಿಕ ಲಂಡನ್ನಿನಲ್ಲಿ ಕುಳಿತು ಛಾಯಾಚಿತ್ರಗಳನ್ನು ಮುಂದಿಟ್ಟುಕೊಂಡು ಶೈಲಿಗಳನ್ನು ಹೋಲಿಸಿದರು. ಪುಸ್ತಕದಲ್ಲಿ ಅಂಟಿಸಿದ ಪ್ರತಿಗಳು ಆಲ್ಬುಮೆನ್ ಮುದ್ರಣದವು, ಎಂದರೆ ಮೊಟ್ಟೆಯ ಬಿಳಿಯ ಭಾಗವನ್ನು ಉಪ್ಪಿನೊಂದಿಗೆ ಕಾಗದಕ್ಕೆ ಲೇಪಿಸಿ, ಬೆಳ್ಳಿಯ ದ್ರಾವಣದಿಂದ ಬೆಳಕಿಗೆ ಸಂವೇದಿಯಾಗಿಸಿ, ನೆಗೆಟಿವ್‌ನೊಂದಿಗೆ ಬಿಸಿಲಿಗಿಟ್ಟು ಪಡೆದವು.

ಅದೇ ವರ್ಷದ ಬಿಜಾಪುರ ಸಂಪುಟದ ಮುಖಪುಟ ಇನ್ನೂ ಹೆಚ್ಚಿನದನ್ನು ತಿಳಿಸುತ್ತದೆ. ಆ ಸಂಪುಟದ ಚಿತ್ರಗಳು ಎರಡು ಬಗೆಯವು. ಬಿಗ್ಸ್ ಮತ್ತು ಮೇಜರ್ ಲಾಕ್ ಸ್ಥಳದಲ್ಲಿಯೇ ತೆಗೆದ ಛಾಯಾಚಿತ್ರಗಳು ಒಂದು ಬಗೆ. ಕ್ಯಾಪ್ಟನ್ ಹಾರ್ಟ್, ಎಂಜಿನಿಯರ್ ಕಮ್ಮಿಂಗ್ ಹಾಗೂ ದೇಶೀಯ ನಕ್ಷೆಗಾರರು ಅಳತೆ ಹಿಡಿದು ಬರೆದ ರೇಖಾಚಿತ್ರಗಳನ್ನು ಮತ್ತೆ ಕ್ಯಾಮೆರಾದಿಂದ ನಕಲು ಮಾಡಿದವು ಇನ್ನೊಂದು ಬಗೆ. ಗೋಳಗುಮ್ಮಟದಂಥ ಮಹಾಕಟ್ಟಡದ ಬೃಹದಾಕಾರವನ್ನು ಛಾಯಾಚಿತ್ರ ತೋರಿಸಬಲ್ಲದಾದರೂ, ಅದರ ತಳವಿನ್ಯಾಸವನ್ನೂ, ಗುಮ್ಮಟವನ್ನು ಹೊರುವ ಕಮಾನುಗಳ ಹೆಣಿಗೆಯನ್ನೂ ತೋರಿಸಲು ಅಳತೆಯ ರೇಖೆಯೇ ಬೇಕು. ಈ ಎರಡೂ ಒಂದೇ ಪುಸ್ತಕದಲ್ಲಿ ಕೂಡಿದಾಗ ಮಾತ್ರ ಓದುಗನಿಗೆ ಕಟ್ಟಡ ಪೂರ್ತಿಯಾಗಿ ದಕ್ಕುತ್ತದೆ. ಅಧಿಕಾರಿಗಳ ಹೆಸರು, ಹುದ್ದೆ, ದಳಗಳನ್ನೆಲ್ಲ ನಮೂದಿಸಿದ ಆ ಮುಖಪುಟ, ಅವರಿಗೆ ಸಮನಾಗಿ ದುಡಿದ ಈ ನಾಡಿನ ಕೈಗಳನ್ನು ‘ದೇಶೀಯ ನಕ್ಷೆಗಾರರು’ ಎಂಬ ಎರಡೇ ಪದಗಳಲ್ಲಿ ಮುಗಿಸಿದೆ. ಇದು ಕಾಲದ ರೂಢಿ ಎಂದು ವಿವರಿಸಬಹುದೇ ಹೊರತು ನ್ಯಾಯವೆಂದು ಒಪ್ಪಲಾಗದು. ಅಷ್ಟಾದರೂ ಆ ಎರಡು ಪದಗಳು ಅಲ್ಲಿ ಉಳಿದಿರುವುದರಿಂದಲೇ, ಈ ಚಿತ್ರಗಳಲ್ಲಿ ಅವರಿಗೂ ಪಾಲಿದೆಯೆಂದು ಇಂದು ಪ್ರಮಾಣಪೂರ್ವಕವಾಗಿ ಹೇಳಲು ಸಾಧ್ಯವಾಗಿದೆ.

ಈ ಚಿತ್ರಗಳ ಬಲದಿಂದಲೇ ಫರ್ಗುಸನ್ 1876ರಲ್ಲಿ ಪ್ರಕಟಿಸಿದ ಭಾರತೀಯ ವಾಸ್ತುಶಿಲ್ಪದ ಇತಿಹಾಸದಲ್ಲಿ ಹಳೇಬೀಡಿನ ದೇವಾಲಯವನ್ನು ಗ್ರೀಸಿನ ಪಾರ್ಥೆನಾನ್ ಎದುರಿಗಿಟ್ಟು, ಎರಡೂ ಮಾನವ ಕಲ್ಪನೆಯ ಎರಡು ತುದಿಗಳೆಂದು ವಾದಿಸಿದರು. ಚಿತ್ರಗಳ ದಾಖಲೆಯ ಬೆಲೆ ಅದಕ್ಕಿಂತಲೂ ಹಿರಿದು. ಹಳೇಬೀಡಿನ ಕೇದಾರೇಶ್ವರ ದೇವಾಲಯದ ವಿಮಾನದಲ್ಲಿ ಬೇರೂರಿದ ಮರವೊಂದು ಕಲ್ಲುಗಳನ್ನು ಸಡಿಲಿಸಿ, ಅನೇಕ ಶಿಲ್ಪಗಳು ಕಳಚಿ, ಕೆಲವನ್ನು ಬೆಂಗಳೂರಿನ ಸಂಗ್ರಹಾಲಯಕ್ಕೆ ಸಾಗಿಸಬೇಕಾಯಿತು. ಬೇಲೂರಿನ ಚೆನ್ನಕೇಶವ ದೇವಾಲಯದ ಶಿಖರವನ್ನು ಕಟ್ಟಡದ ಸುರಕ್ಷತೆಗಾಗಿ 1879ರಲ್ಲಿ ಇಳಿಸಲಾಯಿತು. ಇಂಥ ಬದಲಾವಣೆಗಳಿಗೆ ಮುಂಚಿನ ಸ್ಥಿತಿಗೆ ಸಾಕ್ಷಿಯಾಗಿ ನಿಲ್ಲಬಲ್ಲವು ಮೇಣದ ಕಾಗದದ ಆ ನೆಗೆಟಿವ್‌ಗಳು ಮತ್ತು ಅವುಗಳ ಪ್ರತಿಗಳೇ.

ಶಾಸನಗಳ ಓದು

ಕನ್ನಡದ ಮಟ್ಟಿಗೆ ಛಾಯಾಗ್ರಹಣದ ಅತ್ಯಂತ ಫಲವತ್ತಾದ ಕೂಡುಗೆಲಸ ನಡೆದದ್ದು ಶಾಸನಗಳ ಕ್ಷೇತ್ರದಲ್ಲಿ. ಪಿಗೌ ಮತ್ತು ಬಿಗ್ಸ್ ತೆಗೆದಿದ್ದ ಶಾಸನಗಳ ನೆಗೆಟಿವ್‌ಗಳಿಂದ ಧಾರವಾಡ ಮತ್ತು ಮೈಸೂರು ಸೀಮೆಗಳ ಶಾಸನಚಿತ್ರಗಳ ಸಂಗ್ರಹವೊಂದನ್ನು ಥಿಯೋಡೋರ್ ಹೋಪ್ ಸಂಪಾದಿಸಿದರು. ಮೈಸೂರು ಸರ್ಕಾರಕ್ಕಾಗಿ ಮದ್ರಾಸ್ ಸೈನ್ಯದ 22ನೆಯ ದಳದ ಮೇಜರ್ ಡಿಕ್ಸನ್ ಬಳ್ಳಿಗಾವಿ, ಹರಿಹರ ಮೊದಲಾದ ಕಡೆ ನೂರೈವತ್ತರಷ್ಟು ಶಾಸನಗಳ ಛಾಯಾಚಿತ್ರ ತೆಗೆದರು. 1865ರ ಆ ಸಂಗ್ರಹ, ಲೂಯಿನ್ ಬೌರಿಂಗ್ ಮೈಸೂರಿನ ಮುಖ್ಯ ಕಮಿಷನರ್ ಆಗಿದ್ದ ಕಾಲದ್ದು. ಡಿಕ್ಸನ್‌ರ ಚಿತ್ರಗಳನ್ನು ಓದಿ ಅನುವಾದಿಸುವ ಹೊಣೆ ಬೆಂಜಮಿನ್ ಲೂಯಿಸ್ ರೈಸ್ ಅವರಿಗೆ ಬಂದಿತು. ಹಳಗನ್ನಡ, ಸಂಸ್ಕೃತಗಳನ್ನು ಬಲ್ಲ ಪಂಡಿತರ ನೆರವಿನೊಂದಿಗೆ ಅವರು ಮಾಡಿದ ಆ ಕೆಲಸ 1879ರಲ್ಲಿ ‘ಮೈಸೂರ್ ಇನ್‌ಸ್ಕ್ರಿಪ್ಷನ್ಸ್’ ಎಂಬ ಗ್ರಂಥವಾಗಿ ಪ್ರಕಟವಾಯಿತು. ಮುಂಬಯಿ ಪ್ರಾಂತದಲ್ಲಿ ಜಾನ್ ಫೇತ್‌ಫುಲ್ ಫ್ಲೀಟ್ ಕೂಡ ಇದೇ ಚಿತ್ರಗಳನ್ನು ಆಧರಿಸಿ ಹಳಗನ್ನಡ ಶಾಸನಗಳ ಪಾಠಗಳನ್ನು ಪರಿಷ್ಕರಿಸಿದರು.

ಛಾಯಾಚಿತ್ರದಿಂದ ಶಾಸನ ಓದುವುದು ಸುಲಭದ ಕೆಲಸವಲ್ಲ. ಸವೆದ ಅಕ್ಷರದ ಗೀರು ಬೆಳಕು ಓರೆಯಾಗಿ ಬಿದ್ದರಷ್ಟೇ ಕಾಣುತ್ತದೆ. ಬೆಳಕಿನ ಕೋನ ತಪ್ಪಿದರೆ ಅಕ್ಷರವೇ ಬೇರೆಯಂತೆ ತೋರುತ್ತದೆ. ಹೀಗಾಗಿ ಚಿತ್ರ ಕೊಟ್ಟ ಅಕ್ಷರರೂಪವನ್ನು ಛಂದಸ್ಸು, ವ್ಯಾಕರಣ, ಕಾವ್ಯಪರಿಚಯಗಳ ಬಲದಿಂದ ಪರೀಕ್ಷಿಸಿ ಪಾಠವನ್ನು ನಿರ್ಣಯಿಸುವವರು ಬೇಕಾದರು. ಕ್ಯಾಮೆರಾ ಮತ್ತು ಪಾಂಡಿತ್ಯಗಳ ಈ ಸಂಗಮ ಮುಂದೆ 1885ರಲ್ಲಿ ಸ್ಥಾಪನೆಯಾದ ಮೈಸೂರು ಪುರಾತತ್ವ ಇಲಾಖೆಯ ಕಾರ್ಯವಿಧಾನವಾಗಿ ನೆಲೆಗೊಂಡಿತು. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕ’ ಮಾಲೆಯ ಆರನೆಯ ಸಂಪುಟ 1901ರಲ್ಲಿ ಹೊರಬಂದಾಗ, ಆಗಿನ ಕಡೂರು ಜಿಲ್ಲೆಗೆ ಸೇರಿದ್ದ ಶೃಂಗೇರಿ, ಕೊಪ್ಪ ಸೀಮೆಗಳ ಶಾಸನಗಳು ಬೆಳಕಿಗೆ ಬಂದವು. ವಿಜಯನಗರದ ಸಂಗಮ ಸಹೋದರರು ಶೃಂಗೇರಿಗೆ ದತ್ತಿ ನೀಡಿದ 1346ರ ಶಾಸನ ಅವುಗಳಲ್ಲಿ ಒಂದು. ರೈಸ್ ಅವರ ಬಳಿಕ ಇಲಾಖೆಯನ್ನು ಮುನ್ನಡೆಸಿದ ಆರ್. ನರಸಿಂಹಾಚಾರ್ಯರು 1916ರಲ್ಲಿ ಶೃಂಗೇರಿ ಮಠದ ಕಡತಗಳನ್ನು ಪರಿಶೀಲಿಸಿ ಟಿಪ್ಪು ಸುಲ್ತಾನನ ಪತ್ರಗಳನ್ನು ಬೆಳಕಿಗೆ ತಂದರು. ಅವರ ವಾರ್ಷಿಕ ವರದಿಗಳಲ್ಲಿ ಛಾಯಾಚಿತ್ರ, ತಳವಿನ್ಯಾಸ, ಶಾಸನಪಾಠಗಳು ಅಕ್ಕಪಕ್ಕದಲ್ಲಿ ಬರುತ್ತವೆ. 1866ರ ಸಂಪುಟಗಳಲ್ಲಿ ಪರದೇಶದ ಓದುಗರಿಗಾಗಿ ರೂಪುಗೊಂಡ ಕ್ರಮ, ಅರ್ಧ ಶತಮಾನ ಕಳೆಯುವಷ್ಟರಲ್ಲಿ ಕನ್ನಡ ವಿದ್ವಾಂಸರ ಕೈಯಲ್ಲಿ, ಕನ್ನಡ ನೆಲದ ಇತಿಹಾಸಕ್ಕಾಗಿ, ತುಂಗಾತೀರದವರೆಗೂ ಬಂದು ಮುಟ್ಟಿತ್ತು.

ಹಂಪಿ: 1856 ಮತ್ತು 1983

ಈ ಕಾಲದ ಚಿತ್ರಗಳಲ್ಲಿ ಅತ್ಯಂತ ಭವ್ಯವಾದವು ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಹಂಪಿಯಲ್ಲಿ ತೆಗೆದ ಅರವತ್ತರಷ್ಟು ದೊಡ್ಡ ಗಾತ್ರದ ಮೇಣದ ಕಾಗದದ ನೆಗೆಟಿವ್‌ಗಳು. ಗ್ರೀನ್‌ಲಾ ಮದ್ರಾಸ್ ಸೈನ್ಯದ 46ನೆಯ ದೇಶೀಯ ಪದಾತಿ ದಳದ ಅಧಿಕಾರಿ. ಈ ದೇಶದ ಸೆಕೆಗೆ ಹೊಂದುವಂತೆ ಕ್ಯಾಲೊಟೈಪನ್ನು ಮಾರ್ಪಡಿಸಿದವರೆಂದು ಸಮಕಾಲೀನ ಛಾಯಾಗ್ರಾಹಕರಲ್ಲಿ ಹೆಸರಾಗಿದ್ದವರು. ಹಿಗ್ಗಿಸುವ ಯಂತ್ರಗಳು ಬಳಕೆಗೆ ಬರುವ ಮೊದಲು ಚಿತ್ರದ ಗಾತ್ರವೂ ನೆಗೆಟಿವ್‌ನ ಗಾತ್ರವೂ ಒಂದೇ ಆಗಿರುತ್ತಿದ್ದುದರಿಂದ, ದೊಡ್ಡ ಚಿತ್ರ ಬೇಕೆಂದರೆ ಅಷ್ಟೇ ದೊಡ್ಡ ಕ್ಯಾಮೆರಾವನ್ನು ಬಂಡೆಗಳ ನಡುವೆ ಸಾಗಿಸಬೇಕಾಗಿತ್ತು.

ವಿಠ್ಠಲ ದೇವಾಲಯದ ಅಂಗಳದ ಚಿತ್ರವೊಂದನ್ನು ಹತ್ತಿರದಿಂದ ನೋಡಿದರೆ ಈ ನೆಗೆಟಿವ್‌ಗಳ ಬೆಲೆ ತಿಳಿಯುತ್ತದೆ. ಇಂದು ಎಲ್ಲರೂ ಬಲ್ಲ ಕಲ್ಲಿನ ರಥದ ಮೇಲ್ಭಾಗ ಸಪಾಟಾಗಿದೆ. ಗ್ರೀನ್‌ಲಾ ಚಿತ್ರದಲ್ಲಾದರೋ ಅದೇ ರಥದ ಮೇಲೆ ಇಟ್ಟಿಗೆ ಗಾರೆಗಳ ಶಿಖರವೊಂದು ಎದ್ದು ನಿಂತಿದೆ. ಹತ್ತೊಂಬತ್ತನೆಯ ಶತಮಾನ ಮುಗಿಯುವ ಮೊದಲೇ ಅದು ಇಲ್ಲವಾಯಿತು. ರಥವೆಂದರೆ ಇಷ್ಟೇ ಎಂದು ನಂಬಿರುವ ಕಣ್ಣಿಗೆ, ವಿಜಯನಗರದ ಶಿಲ್ಪಿಗಳು ಅದನ್ನು ಗರುಡನ ಗುಡಿಯಾಗಿ, ಶಿಖರಸಹಿತವಾದ ಪುಟ್ಟ ದೇವಾಲಯವಾಗಿ ಕಲ್ಪಿಸಿದ್ದರೆಂಬುದು ಈ ಒಂದು ಕಾಗದದ ಹಾಳೆಯಿಂದ ಮನದಟ್ಟಾಗುತ್ತದೆ.

ಖಾಸಗಿ ಸಂಗ್ರಹದಲ್ಲಿ ಉಳಿದಿದ್ದ ಈ ನೆಗೆಟಿವ್‌ಗಳು ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ವಿದ್ವಾಂಸರ ಗಮನಕ್ಕೆ ಬಂದವು. ಹಂಪಿಯಲ್ಲಿ ಜಾರ್ಜ್ ಮಿಷೆಲ್ ಮತ್ತು ಜಾನ್ ಫ್ರಿಟ್ಜ್ ಅವರ ವಿಜಯನಗರ ಸಂಶೋಧನಾ ಯೋಜನೆ ನಡೆಯುತ್ತಿದ್ದ ಕಾಲವದು. ಆಸ್ಟ್ರೇಲಿಯಾದ ವಾಸ್ತುಛಾಯಾಗ್ರಾಹಕ ಜಾನ್ ಗೋಲಿಂಗ್ಸ್ 1983ರಲ್ಲಿ ಗ್ರೀನ್‌ಲಾ ಕ್ಯಾಮೆರಾ ಇರಿಸಿದ್ದ ತಾಣಗಳನ್ನು ಒಂದೊಂದಾಗಿ ಗುರುತಿಸಿ, ಅದೇ ಕೋನದಿಂದ ಅದೇ ದೃಶ್ಯಗಳನ್ನು ಮತ್ತೆ ತೆಗೆದರು. 127 ವರ್ಷಗಳ ಅಂತರದ ಎರಡು ಚಿತ್ರಗಳನ್ನು ಪಕ್ಕ ಪಕ್ಕ ಇಟ್ಟಾಗ ಯಾವ ಗೋಪುರದ ಗಾರೆ ಉದುರಿದೆ, ಎಲ್ಲಿ ಕಾಡು ಕಡಿದು ಕಂಬ ಹೊರಬಂದಿದೆ, ಯಾವ ದುರಸ್ತಿ ಮೂಲಕ್ಕೆ ನಿಷ್ಠವಾಗಿದೆ, ಯಾವುದು ಹೊಸ ಸೇರ್ಪಡೆ ಎಂಬ ಪ್ರಶ್ನೆಗಳಿಗೆ ಊಹೆಯ ಬದಲು ಸಾಕ್ಷ್ಯದಿಂದ ಉತ್ತರಿಸುವುದು ಸಾಧ್ಯವಾಯಿತು. ಪರಸ್ಪರ ಕಾಣದ ಇಬ್ಬರು ಕಲಾವಿದರ ಈ ಜೊತೆಗೆಲಸ 2008ರಲ್ಲಿ ಆಲ್ಕಾಜಿ ಸಂಗ್ರಹದ ಆಶ್ರಯದಲ್ಲಿ ಮಿಷೆಲ್ ಸಂಪಾದಿಸಿದ ‘ವಿಜಯನಗರ: ಸ್ಪ್ಲೆಂಡರ್ ಇನ್ ರೂಯಿನ್ಸ್’ ಗ್ರಂಥದಲ್ಲಿ ವಿಶಾಲ ಓದುಗ ವರ್ಗವನ್ನು ತಲುಪಿತು.

ಕೃತಿ ಯಾರದು ಎಂಬ ಪ್ರಶ್ನೆ

1860ರ ದಶಕದ ವೇಳೆಗೆ ಕೊಲೋಡಿಯನ್ ಗಾಜು ಮೇಣದ ಕಾಗದವನ್ನು ಹಿಂದಿಕ್ಕಿತು. 1880ರ ದಶಕದಲ್ಲಿ ಕಾರ್ಖಾನೆಯಲ್ಲಿ ಸಿದ್ಧವಾದ ಒಣ ಗಾಜುಗಳು ಬಂದು, ಛಾಯಾಗ್ರಾಹಕ ತನ್ನ ಕೈಯಾರೆ ರಸ ಬೆರೆಸುವ ಅಗತ್ಯವೂ ತಪ್ಪಿತು. ಕಾಗದದ ಯುಗ ಕನ್ನಡ ನಾಡಿನಲ್ಲಿ ಹತ್ತು ಹನ್ನೆರಡು ವರ್ಷಗಳಿಗಿಂತ ಹೆಚ್ಚು ಬಾಳಲಿಲ್ಲ. ಅದರ ಉದ್ದೇಶವೂ ನಿರ್ಮಲವಾಗಿರಲಿಲ್ಲ. ಆಳುವ ನೆಲವನ್ನು ಅಳೆದು, ಪಟ್ಟಿಮಾಡಿ, ಕಣ್ಣಳವಿಗೆ ತಂದುಕೊಳ್ಳುವ ಸಾಮ್ರಾಜ್ಯದ ಹಂಬಲ ಈ ನೇಮಕಗಳ ಹಿಂದೆ ಇತ್ತು, ಮೂಲ ನೆಗೆಟಿವ್‌ಗಳೂ ಪ್ರತಿಗಳೂ ಹೊರದೇಶಕ್ಕೆ ಹೋದವು. ಆದರೂ ಆ ಕಾಗದಗಳಲ್ಲಿ ಉಳಿದ ಸಾಕ್ಷ್ಯವನ್ನು ಓದುವ, ತಿದ್ದುವ, ಮರಳಿ ಸ್ಥಳಕ್ಕೆ ಹೋಗಿ ತಾಳೆ ನೋಡುವ ಹಕ್ಕು ಈ ನಾಡಿನದಾಗಿಯೇ ಇದೆ, ರೈಸ್ ಅವರ ಪಂಡಿತರಿಂದ ನರಸಿಂಹಾಚಾರ್ಯರವರೆಗೆ ಅದು ಚಲಾವಣೆಯೂ ಆಗಿದೆ.

ಆದ್ದರಿಂದ ಈ ಚಿತ್ರಗಳನ್ನು ಕನ್ನಡದ ಪಠ್ಯಗಳಲ್ಲಿ, ಸಂಗ್ರಹಾಲಯಗಳಲ್ಲಿ, ದೇವಾಲಯಗಳ ಕೈಪಿಡಿಗಳಲ್ಲಿ ಬಳಸುವಾಗ ಪಾಲಿಸಬೇಕಾದ ಶಿಸ್ತು ಸ್ಪಷ್ಟವಾಗಿದೆ. ಚಿತ್ರ ತೆಗೆದವರ ಹೆಸರಿನೊಂದಿಗೆ ಅದರ ವರ್ಷವನ್ನೂ, ಯಾವ ವಿಧಾನದಿಂದ ತೆಗೆದದ್ದು ಎಂಬುದನ್ನೂ, ಅದು ಮೊದಲು ಪ್ರಕಟವಾದ ಸಂಪುಟವನ್ನೂ, ಆ ಸಂಪುಟಕ್ಕಾಗಿ ದುಡಿದ ನಕ್ಷೆಗಾರರ ಮತ್ತು ಓದಿ ಅರ್ಥೈಸಿದ ಪಂಡಿತರ ಪಾತ್ರವನ್ನೂ ನಮೂದಿಸಬೇಕು. ವರ್ಷ ತಿಳಿಯದೆ ಜೀರ್ಣೋದ್ಧಾರಕ್ಕೆ ಚಿತ್ರ ಆಧಾರವಾಗದು. ವಿಧಾನ ತಿಳಿಯದೆ ಚಿತ್ರದಲ್ಲಿ ಕಾಣದಿರುವುದು ನಿಜವಾಗಿ ಇರಲಿಲ್ಲವೋ, ಕ್ಯಾಮೆರಾಕ್ಕೆ ದಕ್ಕಲಿಲ್ಲವೋ ಎಂದು ನಿರ್ಧರಿಸಲಾಗದು. ದುಡಿದವರ ಪಾತ್ರವನ್ನು ಹೇಳದೆ ಇತಿಹಾಸ ಪ್ರಾಮಾಣಿಕವಾಗದು. ಪಿಗೌ, ನೀಲ್, ಬಿಗ್ಸ್, ಗ್ರೀನ್‌ಲಾ, ಡಿಕ್ಸನ್ ಅವರಿಗೆ ಸಲ್ಲಬೇಕಾದ ಗೌರವ ಇದರಿಂದ ಕಡಿಮೆಯಾಗುವುದಿಲ್ಲ, ಅವರೊಂದಿಗೆ ದುಡಿದ ಕನ್ನಡ ನಾಡಿನವರಿಗೆ ಸಲ್ಲಬೇಕಾದದ್ದೂ ಸಲ್ಲುತ್ತದೆ.